ಮಲಗಿ ಎದ್ದ ಸಾರು

ಡಿಸೆಂಬರ್ ೨, ೨೦೨೪, ಸೋಮವಾರ

ಗೊಬ್ಬರದ ಅಂಗಡಿಯವರು ವರ್ಷದ ಮೊದಲಲ್ಲಿ ಕೊಟ್ಟ ಡೈರಿ ಇದು. ಹನ್ನೊಂದು ತಿಂಗಳು ಖಾಲಿ ಬಿದ್ದಿತ್ತು. ಪ್ರತಿ ಪುಟದ ಕೆಳಗೂ ಒಂದೊಂದು ಕೃಷಿ ಸಲಹೆ ಇದೆ. ಇವತ್ತಿನದು, ಕಡಲೆ ಬೆಳೆಗೆ ಕಾಯಿಕೊರಕ ಬೀಳದಂತೆ ಎಚ್ಚರ ವಹಿಸಿ. ವಹಿಸುತ್ತೇನೆ. ನನ್ನ ಮುಖಕ್ಕೆ ಏನು ಬಿದ್ದಿದೆ ಎಂದು ಮಾತ್ರ ಬರೆದಿಲ್ಲ.

ಹತ್ತೂವರೆಗೆ ಕಚೇರಿಯಲ್ಲಿ ಕೂತೆ. ಹನ್ನೊಂದಕ್ಕೆ ಕಿವಿ ಬಿಸಿಯಾಯಿತು. ಆಮೇಲೆ ಕುತ್ತಿಗೆಯಿಂದ ಕೆನ್ನೆಯವರೆಗೆ ಕೆಂಪು, ಮೈಯೆಲ್ಲ ತುರಿಕೆ, ಮೂಗಲ್ಲಿ ನೀರು, ತಲೆಯೊಳಗೆ ಯಾರೋ ಕೂತು ರಾಗಿ ಬೀಸಿದ ಹಾಗೆ ನೋವು. ಸೂಪರಿಂಟೆಂಡೆಂಟ್ ಗೌರೀಶ್ ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಏನ್ ಗಂಗಾಲಕ್ಷ್ಮಿಯವ್ರೇ, ಮತ್ತೆ ಸೋಮವಾರ ಬಂತಾ" ಅಂದರು. ಸೋಮವಾರವನ್ನು ನಾನೇ ಕರೆಸಿಕೊಂಡ ಹಾಗೆ. ಮೂರು ತಿಂಗಳಲ್ಲಿ ಇದು ಎಂಟನೇ ಸಲವಂತೆ, ಹಾಜರಿ ಪುಸ್ತಕ ನೋಡಿ ಹೇಳಿದರು. ಇಡೀ ಕಚೇರಿಯಲ್ಲಿ ಇಷ್ಟು ನಿಗಾ ಇಟ್ಟು ನೋಡಿಕೊಳ್ಳುತ್ತಿರುವ ಕಡತ ನಾನೊಬ್ಬಳೇ.

ನಮ್ಮ ಮನೆಯ ಭಾನುವಾರದ ಬಗ್ಗೆ ಬರೆದಿಡಬೇಕು. ಯಜಮಾನರ ತಾಯಿ ನಾಗಕ್ಕನವರು ಕಣ್ಣಿನ ಪೊರೆ ತೆಗೆಸಿಕೊಂಡು ಸೆಪ್ಟೆಂಬರಿನಿಂದ ಮಧುಗಿರಿಯಲ್ಲಿ ನಮ್ಮ ಜೊತೆಗಿದ್ದಾರೆ. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ. ನಾನು ಪಾತ್ರೆಯ ತಳ ಉಜ್ಜದೆ ಬಿಟ್ಟದ್ದು ಬೀದಿ ಬಾಗಿಲಿಂದಲೇ ಕಾಣುತ್ತದೆ. ಭಾನುವಾರ ಅವರ ಊರಿನ ಸಣ್ಣರಂಗಯ್ಯ ಬಡವನಹಳ್ಳಿ ಬಸ್ಸಿನಲ್ಲಿ ಒದ್ದೆ ಗೋಣಿಚೀಲ ಹಿಡಿದು ಬರುತ್ತಾನೆ. ಚೀಲದಲ್ಲಿ ಕೆರೆ ಏಡಿ. ಯಜಮಾನರ ತಾಯಿ ಮಧ್ಯಾಹ್ನವೆಲ್ಲ ಕೂತು ಮಸಾಲೆ ಅರೆದು, ಸಂಜೆ ಮಣ್ಣಿನ ಗಡಿಗೆಯಲ್ಲಿ ಸಾರು ಮಾಡುತ್ತಾರೆ. ಆದರೆ ಅವತ್ತು ಯಾರೂ ಮುಟ್ಟುವಂತಿಲ್ಲ. "ಸಾರು ಒಂದ್ ರಾತ್ರಿ ಮಲಗಿ ಏಳ್ಬೇಕು, ಆಗ್ಲೇ ಅದು ಸಾರು" ಅನ್ನುವುದು ಅವರ ಕಾನೂನು. ಹಾಗಾಗಿ ಸಾರು ಮಲಗುತ್ತದೆ. ಸೋಮವಾರ ಬೆಳಿಗ್ಗೆ ಬಿಸಿ ಮುದ್ದೆಯ ಜೊತೆ ಏಳುತ್ತದೆ. ಅದು ಎದ್ದ ಮೇಲೆ ನಾನು ಮಲಗುತ್ತೇನೆ.

ಡಿಸೆಂಬರ್ ೪, ಬುಧವಾರ

ಮುಖದ ಕೆಂಪು ಇಳಿದಿದೆ, ಮೂಗು ನಿಂತಿಲ್ಲ. ಯಜಮಾನರ ತಾಯಿ ಒಲೆ ಮುಂದೆ ಕೂತೇ ರೋಗ ಕಂಡುಹಿಡಿದರು. "ಶೀತ ಕಣಮ್ಮ ಅದು. ಫ್ಯಾನ್ ಕೆಳ್ಗೆ ಕೂತು ಕೂತು ಎದೆ ತಣ್ಣಗಾಗೈತೆ. ಶೀತಕ್ಕೆ ಏಡಿ ಸಾರ್ಗಿಂತ ಮದ್ದಿಲ್ಲ."

ಮಿಕ್ಕ ಸಾರನ್ನು ಮೂರನೇ ಸಲ ಕುದಿಸಿ ಲೋಟದಲ್ಲಿ ಕೊಟ್ಟರು. ಕುಡಿದೆ. ಅರ್ಧ ಗಂಟೆಗೆ ಮೂಗು ನಲ್ಲಿಯಾಯಿತು. "ನೋಡ್ದಾ, ಶೀತ ಎಲ್ಲಾ ಕಿತ್ಕಂಡ್ ಬತ್ತೈತೆ" ಅಂತ ಸಂತೋಷಪಟ್ಟರು. ಮೂಗು ಸೋರಿದ್ದಕ್ಕೆ ಸಾರು, ಸಾರು ಕುಡಿದದ್ದಕ್ಕೆ ಮೂಗು. ಹದಿನಾರು ವರ್ಷ ಸರ್ಕಾರಿ ಕೆಲಸ ಮಾಡಿದ್ದೇನೆ, ಕಡತಗಳು ಹೀಗೆ ಎರಡು ಮೇಜಿನ ನಡುವೆ ಸುತ್ತುವುದನ್ನು ನೋಡಿದ್ದೇನೆ. ಮನುಷ್ಯರು ಸುತ್ತುವುದನ್ನು ನೋಡಿರಲಿಲ್ಲ.

ಶಿವರಾಜುಗೆ ಹೇಳಿದೆ. ನನ್ನ ಯಜಮಾನರು ಪಾವಗಡ ರೂಟಿನ ಬಸ್ ಕಂಡಕ್ಟರ್. ಐವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನ ಹತ್ತಿದಾಗ ಏನು ಹೇಳುತ್ತಾರೋ ನನಗೂ ಅದನ್ನೇ ಹೇಳಿದರು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊ."

ಡಿಸೆಂಬರ್ ೯, ಸೋಮವಾರ

ಅಡ್ಜಸ್ಟ್ ಆಗಲಿಲ್ಲ. ಇವತ್ತು ಕಣ್ಣಿನ ರೆಪ್ಪೆಯೂ ಊದಿತು. ಪಕ್ಕದ ಮೇಜಿನ ಮಂಗಳಗೌರಿ ಊಟದ ಹೊತ್ತಿಗೆ ಡಬ್ಬಿ ಮುಚ್ಚಳ ತೆಗೆಯುವುದನ್ನೂ ಬಿಟ್ಟು ನನ್ನನ್ನೇ ನೋಡಿ, "ಏನ್ ತಿಂತೀರಾ ಸೋಮವಾರ" ಅಂದಳು.

"ನಮ್ಮತ್ತೆ ಮಾಡಿದ ಏಡಿ ಸಾರು. ಮದ್ದು ಹಾಕಿರಬೇಕು" ಅಂದೆ.

ಎಲ್ಲರೂ ನಕ್ಕರು. ಗೌರೀಶ್ ಸಾಹೇಬರೂ ನಕ್ಕರು, ಅವರು ನಗುವುದು ವರ್ಷಕ್ಕೆ ಎರಡು ಸಲ. ಮಂಗಳಗೌರಿ ಮಾತ್ರ ನಗಲಿಲ್ಲ. ನನ್ನ ಮಾತಿಗೆ ಇಷ್ಟು ಜನ ನಕ್ಕು ಬಹಳ ದಿನವಾಗಿತ್ತು, ಖುಷಿಯಾಯಿತು.

ಡಿಸೆಂಬರ್ ೧೧, ಬುಧವಾರ

ಮಂಗಳಗೌರಿ ಎರಡು ದಿನ ಸಂಶೋಧನೆ ಮಾಡಿದ್ದಾಳೆ. ಅನ್ನದಲ್ಲಿ ಮದ್ದು ಇಕ್ಕಿದರೆ ಮೊದಲು ಮುಖಕ್ಕೆ ಬರುತ್ತದಂತೆ, ಆಮೇಲೆ ಹೊಟ್ಟೆಗೆ, ಕೊನೆಗೆ ಜೀವಕ್ಕೆ. ಅವಳ ಚಿಕ್ಕಮ್ಮನಿಗೆ ಹಾಗೇ ಆಗಿತ್ತಂತೆ. ಕೊರಟಗೆರೆ ಕಡೆ ಒಬ್ಬ ಓಬಳಯ್ಯ ಇದ್ದಾನೆ, ಸೊಪ್ಪಿನ ರಸ ಕುಡಿಸಿ ಮದ್ದು ಕಕ್ಕಿಸುತ್ತಾನೆ. ಗುರುವಾರ ಮಾತ್ರ.

ನಾನು ಬಿ.ಎಸ್ಸಿ., ರಸಾಯನಶಾಸ್ತ್ರದಲ್ಲಿ ಫಸ್ಟ್ ಕ್ಲಾಸ್. ಅವಳಿಗೆ ಅದನ್ನು ನೆನಪಿಸಿದೆ. "ಓಬಳಯ್ಯನತ್ರ ಲೆಕ್ಚರರ್‌ಗಳೂ ಬರ್ತಾರೆ" ಅಂದಳು.

ಡಿಸೆಂಬರ್ ೧೬, ಸೋಮವಾರ

ಎದೆ ಹೊಡೆದುಕೊಂಡಿತು. ಕಚೇರಿಯ ಬೆಂಚಿನ ಮೇಲೆ ಮಲಗಿಸಿದರು. ಅರ್ಜಿ ಕೊಡಲು ಬಂದಿದ್ದ ರೈತನೊಬ್ಬ ನೀರು ತಂದುಕೊಟ್ಟ. ಸತ್ತೇ ಹೋಗುತ್ತೇನೆ ಅನ್ನಿಸಿತು, ನಿಜವಾಗಿ ಹೆದರಿದೆ. ಊರಿನ ಡಾಕ್ಟರ್ ಶೀತಕ್ಕೆ ಮಾತ್ರೆ ಕೊಟ್ಟರು. ಯಜಮಾನರ ತಾಯಿ ಅದನ್ನು ನೋಡಿ, "ನಾನ್ ಹೇಳ್ಲಿಲ್ವಾ ಶೀತ ಅಂತ" ಅಂದರು.

ಡಿಸೆಂಬರ್ ೧೯, ಗುರುವಾರ

ಒಂದು ಕಡೆ ಹೋಗಿ ಬಂದೆ. ಎಲ್ಲಿಗೆ ಎಂದು ಬರೆಯುವುದಿಲ್ಲ.

ಡಿಸೆಂಬರ್ ೨೦, ಶುಕ್ರವಾರ

ಬರೆಯುತ್ತೇನೆ, ಓದುವವರು ಯಾರಿದ್ದಾರೆ. ಓಬಳಯ್ಯನ ಹತ್ತಿರ ಹೋಗಿದ್ದೆ. ಮಂಗಳಗೌರಿ ಜೊತೆಗಿದ್ದಳು. ಹೊಂಗೆ ಮರದ ಕೆಳಗೆ ಏಳೆಂಟು ಹೆಂಗಸರು ಸಾಲಾಗಿ ಕೂತಿದ್ದರು. ರಸಾಯನಶಾಸ್ತ್ರದವಳು ನಾನೊಬ್ಬಳೇ ಇದ್ದಂತಿತ್ತು. ಹಸಿರು ರಸ ಕೊಟ್ಟ, ಕುಡಿದೆ, ಕಕ್ಕಿದೆ. ಅಷ್ಟು ಕಹಿ ಕುಡಿದರೆ ಕಲ್ಲೂ ಕಕ್ಕುತ್ತದೆ. ಅದರೊಳಗೆ ಕಡ್ಡಿ ಆಡಿಸಿ ಏನೋ ಕರ್ರಗಿನ ಚೂರು ಎತ್ತಿ ತೋರಿಸಿದ.

"ಯಾರ್ ಕೈಲಿ ಉಣ್ತೀಯಮ್ಮ ನೀನು?"

ಇಲ್ಲಿ ನಾನು ಎದ್ದು ಬರಬಹುದಿತ್ತು. "ಅತ್ತೆ ಕೈಲಿ" ಅಂದೆ.

"ಸರಿಹೋಯ್ತು ಬುಡು" ಅಂದ. ಸಾಲಿನಲ್ಲಿದ್ದ ಹೆಂಗಸರೆಲ್ಲ ತಲೆ ಆಡಿಸಿದರು. ಒಬ್ಬಳು ಹತ್ತಿರ ಬಂದು, "ನೀನು ಬಡವನಳ್ಳಿ ಕಡೆ ನಾಗಕ್ಕನ ಸೊಸೆ ಅಲ್ವಾ" ಎಂದು ಕೇಳಿದಳು. ನನಗೆ ಅವಳ ಗುರುತು ಸಿಗಲಿಲ್ಲ.

ಡಿಸೆಂಬರ್ ೨೩, ಸೋಮವಾರ

ಮದ್ದು ತೆಗೆಸಿಕೊಂಡ ಹೊಟ್ಟೆಗೆ ಧೈರ್ಯವಾಗಿ ಏಡಿ ಸಾರು ಹಾಕಿದೆ. ಹನ್ನೊಂದು ಗಂಟೆಗೆ ಕಿವಿ ಬಿಸಿ. ಓಬಳಯ್ಯ ತೆಗೆದ ಮದ್ದು ನನಗಿಂತ ಮುಂಚೆ ಕಚೇರಿಗೆ ಬಂದು ಕೂತಿತ್ತು. ಮಂಗಳಗೌರಿಗೆ ಹೇಳಿದರೆ, "ಮತ್ತೆ ಇಕ್ಕಿರ್ತಾರೆ" ಅಂದಳು.

ಜನವರಿ ೪, ಶನಿವಾರ

ಡೈರಿ ಮುಗಿಯಿತು. ಈ ವರ್ಷ ಗೊಬ್ಬರದ ಅಂಗಡಿಯವರು ಕ್ಯಾಲೆಂಡರ್ ಕೊಟ್ಟು ಸುಮ್ಮನಾದರು. ಹಾಗಾಗಿ ಹಳೇ ಡೈರಿಯ ಖಾಲಿ ಜನವರಿಗೇ ವಾಪಸ್ ಬಂದಿದ್ದೇನೆ. ವಾರ ಮಾತ್ರ ಹೊಡೆದು ತಿದ್ದಬೇಕು.

ನಮ್ಮ ಬೀದಿಯಲ್ಲಿ ವಾರ ತಿದ್ದುತ್ತಿರುವವಳು ನಾನೊಬ್ಬಳೇ ಅಲ್ಲ. ಅತ್ತೆ ಏನು ಮಾಡಿದರೂ ಒಂದು ಬಟ್ಟಲು ಎದುರುಮನೆ ಪಟಾಲಮ್ಮನಿಗೆ, ಒಂದು ಬಟ್ಟಲು ಮೂಲೆಮನೆಗೆ ಕೊಡುವುದು ರೂಢಿ. ಈಗ ಪಟಾಲಮ್ಮನಿಗೆ ಮಂಗಳವಾರ ದೇವರ ವಾರ, ಹೊರಗಿನದು ಮುಟ್ಟುವಂತಿಲ್ಲ. ಮೂಲೆಮನೆಯವರಿಗೆ ಬುಧವಾರ ವಾರ. ನಿನ್ನೆ ಪಟಾಲಮ್ಮನ ವಾರ ಶುಕ್ರವಾರಕ್ಕೂ ಬಂತು. ಕಾರ್ತಿಕ ಮುಗಿದು ತಿಂಗಳಾದ ಮೇಲೆ ಇಡೀ ಬೀದಿಗೆ ಒಟ್ಟಿಗೇ ಭಕ್ತಿ ಉಕ್ಕಿದೆ. ಅತ್ತೆ ತುಂಬಿದ ಬಟ್ಟಲು ಹಿಡಿದು ಹೋಗಿ ತುಂಬಿದ ಬಟ್ಟಲನ್ನೇ ಹಿಡಿದು ಬರುತ್ತಾರೆ. "ಪಾಪ, ಎಷ್ಟೊಂದ್ ವಾರ ಮಾಡ್ತಾರೆ" ಅಂದರು.

ನಾನು ಬಟ್ಟಲು ಇಸಿದುಕೊಂಡು ಸಾರನ್ನು ಗಡಿಗೆಗೇ ವಾಪಸ್ ಸುರಿದೆ.

ಜನವರಿ ೫, ಭಾನುವಾರ

ಸಣ್ಣರಂಗಯ್ಯ ಏಡಿ ತಂದ. ಯಾವಾಗಲೂ ಜಗಲಿಯ ಮೇಲೆ ಕೂತು ಅತ್ತೆ ಕೊಟ್ಟ ಮುದ್ದೆ ಉಂಡು ಹೋಗುವವನು ಇವತ್ತು ಚೀಲ ಇಟ್ಟು ನಿಂತೇ ಇದ್ದ. ಅತ್ತೆ ನೀರು ಕೊಟ್ಟರು. ತೆಗೆದುಕೊಳ್ಳಲಿಲ್ಲ. "ಏನ್ಲಾ ರಂಗ, ನಿನ್ಗೂ ವಾರಾನಾ" ಅಂದರು.

ಅವನು ನೆಲ ನೋಡಿಕೊಂಡು ಹೇಳಿಬಿಟ್ಟ. ಊರಲ್ಲೆಲ್ಲ ಮಾತಾಗಿದೆ, ನಾಗಕ್ಕ ಸೊಸೆಗೆ ಮದ್ದು ಇಕ್ಕಿದ್ದಾಳೆ, ಸೊಸೆಯೇ ಹೋಗಿ ತೆಗೆಸಿಕೊಂಡು ಬಂದಿದ್ದಾಳೆ ಎಂದು. "ನಾನ್ ನಂಬಲ್ಲ ಕಣಕ್ಕ. ನನ್ನೆಂಡ್ತಿ ಆಣೆ ಹಾಕ್ಸವ್ಳೆ" ಅಂದು ಬಸ್ಸಿಗೆ ಹೊರಟ.

ಅತ್ತೆ ಒಳಗೆ ಬಂದರು. ನಾನು ಸೊಪ್ಪು ಬಿಡಿಸುತ್ತಿದ್ದೆ. ಬಿಡಿಸಿದ ಸೊಪ್ಪನ್ನೇ ಮತ್ತೆ ಬಿಡಿಸುತ್ತಿದ್ದೆ.

"ಹೋಗಿದ್ಯಾ ಗಂಗಾ?"

"ಹೂಂ ಅತ್ತೆ."

ಬೈಯಲಿಲ್ಲ. ಬೈದಿದ್ದರೆ ನನ್ನ ಹತ್ತಿರ ಉತ್ತರ ಇತ್ತು, ಅದಕ್ಕೇನು ಬರ. ಅವರು ಗೋಡೆಗೆ ಒರಗಿ ಕೂತು ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. "ಮದ್ದೇ ಕಣಮ್ಮ ನಾನ್ ಇಕ್ಕಿದ್ದು. ಶೀತಕ್ಕೆ" ಅಂದರು. ಅಷ್ಟೇ.

ಏಡಿಗಳು ಚೀಲದಲ್ಲಿ ಸಂಜೆವರೆಗೂ ಕೆರೆಯುತ್ತಿದ್ದವು. ಯಾರೂ ಒಲೆ ಹತ್ತಿಸಲಿಲ್ಲ. ಶಿವರಾಜು ಅವನ್ನು ತೆಗೆದುಕೊಂಡು ಹೋಗಿ ಹಳ್ಳಕ್ಕೆ ಬಿಟ್ಟು ಬಂದರು.

ಜನವರಿ ೮, ಬುಧವಾರ

ತುಮಕೂರಿನಲ್ಲಿ ಚರ್ಮದ ಡಾಕ್ಟರ್ ಒಬ್ಬರನ್ನು ಕಂಡೆ. ಚಿಕ್ಕ ಹುಡುಗಿ. ಏಡಿ, ಸೀಗಡಿ, ಧೂಳು, ಜಿರಲೆ ಎಲ್ಲದಕ್ಕೂ ಕೈ ಮೇಲೆ ಚುಚ್ಚಿ ನೋಡಿದಳು. ಯಾವುದಕ್ಕೂ ಗುಳ್ಳೆ ಏಳಲಿಲ್ಲ. ಜಿರಲೆಯೂ ನನಗೆ ಆಗಿಬರುತ್ತದೆ ಎಂದು ತಿಳಿದು ಸಂತೋಷವಾಯಿತು.

ಏನೇನು, ಯಾವಾಗ ತಿಂದೆ ಎಂದು ಕೇಳಿದಳು. ಈ ಡೈರಿಯನ್ನೇ ತೋರಿಸಿದೆ. ಓಬಳಯ್ಯನ ಪುಟ ಬೆರಳಿಂದ ಮುಚ್ಚಿಕೊಂಡಿದ್ದೆ. ಅವಳು ಸೋಮವಾರಗಳನ್ನೆಲ್ಲ ಓದಿ ನಕ್ಕಳು. "ನಿಮಗೆ ಏಡಿ ಅಲರ್ಜಿ ಇದ್ದಂಗಿಲ್ಲ ಮೇಡಂ. ಹಿಸ್ಟಮಿನ್ ಆಗ್ತಿಲ್ಲ ಅನ್ಸತ್ತೆ. ಅದು ಕೆಲವು ಆಹಾರದಲ್ಲಿ ಇರತ್ತೆ, ಅದನ್ನ ಕರಗಿಸೋ ಶಕ್ತಿ ನಿಮ್ಮ ಹೊಟ್ಟೇಲಿ ಕಮ್ಮಿ. ಏಡಿ, ಮೀನು ಸತ್ತ ಗಳಿಗೆಯಿಂದ ಅದು ಜಾಸ್ತಿ ಆಗ್ತಾ ಹೋಗತ್ತೆ. ಇಟ್ಟಷ್ಟೂ ಜಾಸ್ತಿ. ಎಷ್ಟು ಕುದಿಸಿದ್ರೂ ಹೋಗಲ್ಲ."

ಅಂದರೆ ನನಗೆ ಆಗದಿರುವುದು ಏಡಿಯಲ್ಲ, ನಿನ್ನೆ.

ಒಂದು ಪಟ್ಟಿ ಕೊಟ್ಟಿದ್ದಾಳೆ. ಎರಡು ವಾರ ಟೊಮೆಟೊ, ಬದನೆಕಾಯಿ, ಹುಳಿ ಮೊಸರು, ಉಪ್ಪಿನಕಾಯಿ, ಒಣಮೀನು, ನಿನ್ನೆಯದು ಯಾವುದೂ ಬೇಡ. ಬೇಕಿರುವುದರ ಪಟ್ಟಿ ಕೇಳಿದ್ದರೆ ಕಾಗದ ಉಳಿಯುತ್ತಿತ್ತು. ಆಮೇಲೆ ಒಂದೊಂದನ್ನೇ ಸ್ವಲ್ಪ ಸ್ವಲ್ಪ ತಿಂದು ನೋಡಬೇಕು, ಮಾತ್ರೆ ಹತ್ತಿರ ಇಟ್ಟುಕೊಂಡು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಬಹಳ ಹೊತ್ತು ಯೋಚನೆ ಮಾಡಿ, "ಇಷ್ಟಮೀನಾ? ಮೀನು ನಾನ್ ಹಾಕೇ ಇಲ್ವಲ್ಲಮ್ಮ, ಬರೀ ಏಡಿ ಹಾಕಿದ್ದು" ಅಂದರು. ಮೀನಲ್ಲ ಅತ್ತೆ, ಹಿಸ್ಟಮಿನ್, ಎಂದು ಮೂರು ಸಲ ಹೇಳಿದೆ. ಮೂರು ಸಲವೂ ಅದು ಮೀನೇ ಆಯಿತು.

ಜನವರಿ ೧೮, ಶನಿವಾರ

ಹತ್ತು ದಿನದಿಂದ ಮೂಗು ಸೋರಿಲ್ಲ. ತಲೆಯೊಳಗಿನ ಬೀಸುಕಲ್ಲು ನಿಂತಿದೆ. ಗೌರೀಶ್ ಸಾಹೇಬರು ಸೋಮವಾರ ನನ್ನ ಮುಖ ನೋಡಿ ನಿರಾಶರಾದರು.

ಅತ್ತೆ ದಿನಾ ಬೆಳಿಗ್ಗೆ ಹೊಸದಾಗಿ ಬೇಳೆ ಬೇಯಿಸಿ, ಹೊಸದಾಗಿ ಒಗ್ಗರಣೆ ಹಾಕಿ ನನಗೆ ಡಬ್ಬಿ ಕಟ್ಟುತ್ತಾರೆ. ಹುಣಸೆಯಿಲ್ಲ, ಟೊಮೆಟೊ ಇಲ್ಲ. ಐದು ಗಂಟೆಗೇ ಏಳುತ್ತಾರೆ. ಬೇಡ ಎಂದರೆ ಕೇಳುವುದಿಲ್ಲ. ಆದರೆ ಬಟ್ಟಲು ಹಿಡಿದು ಬೀದಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಅಡುಗೆ ಮಾಡಿ ಮುಗಿದ ಮೇಲೆ ಕೈ ತೊಳೆಯುತ್ತಾರೆ, ಆಮೇಲೆ ಮತ್ತೆ ತೊಳೆಯುತ್ತಾರೆ. ಅದನ್ನು ನೋಡಲು ನನಗೆ ಆಗುವುದಿಲ್ಲ. ಡಾಕ್ಟರ ಪಟ್ಟಿಯಲ್ಲಿ ಅದನ್ನೂ ಬರೆಯಬಹುದಿತ್ತು.

ಜನವರಿ ೨೨, ಬುಧವಾರ

ವೈ.ಎನ್.ಹೊಸಕೋಟೆ ಕಡೆಯಿಂದ ಈರಕ್ಕನ ಫೋನ್. ಶಿವರಾಜುವಿನ ಅಕ್ಕ. ಅವಳ ಮಗಳ ಮಗುವಿಗೆ ಫೆಬ್ರವರಿ ಒಂಬತ್ತಕ್ಕೆ ಹೆಸರಿಡುತ್ತಾರೆ. ಈ ಮನೆತನದಲ್ಲಿ ಹುಟ್ಟಿದ ಎಲ್ಲ ಮಕ್ಕಳಿಗೂ ಅವತ್ತು ಬೆಲ್ಲದ ನೀರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸುವುದು ಅತ್ತೆಯ ಕೈ. ಈಗ ಹಾಸ್ಟೆಲಿನಲ್ಲಿರುವ ನನ್ನ ಮಗಳಿಗೂ ಅವರೇ ಮುಟ್ಟಿಸಿದ್ದು. ಆಗ ನಾನು ಬೆರಳು ತೊಳೆದಿದ್ದಾರೋ ಇಲ್ಲವೋ ಎಂದು ನೋಡುತ್ತಿದ್ದೆ.

ಶಿವರಾಜು ಫೋನನ್ನು ಸ್ಪೀಕರಿಗೆ ಹಾಕಿದ್ದರು. "ಅವ್ವ ಬರ್ಲಿ ಕಣ್ಲಾ, ಕುರ್ಚಿ ಹಾಕ್ತೀವಿ, ಕೂತ್ಕಳ್ಳಿ. ಆದ್ರೆ ಮಗೀಗೆ ಕೈ ಇಕ್ಕೋದು ಬ್ಯಾಡ. ಅಳಿಯನ ಕಡೆಯೋರು ಒಪ್ಪಲ್ಲ. ನಾನೇನ್ಲಾ ಮಾಡ್ಲಿ" ಅಂದಳು. ಅಳುತ್ತಿದ್ದಳು.

ಅತ್ತೆ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸಲಿಲ್ಲ.

ಇದನ್ನು ಹುಟ್ಟಿಸಿದ್ದು ನಾನು. ಊಟದ ಡಬ್ಬಿ ತೆರೆಯುವ ಹೊತ್ತಲ್ಲಿ, ನಾಲ್ಕು ಜನ ನಗಲಿ ಎಂದು.

ಜನವರಿ ೨೬, ಭಾನುವಾರ

ಕಚೇರಿಯಲ್ಲಿ ಧ್ವಜ ಹಾರಿಸಿ, ಲಾಡು ತಿಂದು, ಸೀದಾ ಬಡವನಹಳ್ಳಿಗೆ ಹೋಗಿ ಸಣ್ಣರಂಗಯ್ಯನಿಂದ ಎರಡು ಏಡಿ ತಂದೆ, ಜೀವಂತ. ಅತ್ತೆಯ ಮುಂದೆ ಇಟ್ಟು, "ಈಗ್ಲೇ ಮಾಡಿ, ಈಗ್ಲೇ ತಿಂತೀನಿ" ಅಂದೆ.

"ಮಲಗಿಸ್ದೆ ಹೆಂಗೆ ತಿಂತೀಯಾ? ನೀರ್ ನೀರಿರ್ತೈತೆ. ನಾನ್ ಮಾಡಲ್ಲ. ನಿನ್ಗೆ ಏನಾರ ಆದ್ರೆ ಈ ಸಲ ನನ್ನ ಜೈಲಿಗೇ ಹಾಕ್ತಾರೆ."

ಒಂದು ಗಂಟೆ ವಾದ ಮಾಡಿದ ಮೇಲೆ ಮಾಡಿದರು. ಒಂದು ಕಾಲು ತಿಂದೆ. ಎರಡು ಗಂಟೆ ಹೊತ್ತು ಅವರು ಗಡಿಯಾರ ನೋಡುತ್ತಾ, ನಾನು ಕನ್ನಡಿ ನೋಡುತ್ತಾ ಕೂತೆವು. ಏನೂ ಬರಲಿಲ್ಲ. ಇನ್ನೊಂದು ಕಾಲು ತಿಂದೆ. ಬರಲಿಲ್ಲ. ಮಿಕ್ಕಿದ್ದನ್ನು ಅತ್ತೆ ಚಪ್ಪರಿಸಿ ನೋಡಿ ಮುಖ ಹಿಂಡಿದರು. "ಥೂ, ಇದೂ ಒಂದ್ ಸಾರಾ" ಎಂದು ನಕ್ಕರು.

ಮೂರು ವಾರದಲ್ಲಿ ಅವರು ನಕ್ಕದ್ದು ಇವತ್ತೇ.

ಫೆಬ್ರವರಿ ೫, ಬುಧವಾರ

ಹೊಸಕೋಟೆಗೆ ಬರುವುದಿಲ್ಲ ಅಂತಾರೆ. ಬರಲೇಬೇಕು ಅಂದೆ. "ಕುರ್ಚಿ ಮ್ಯಾಲೆ ಕೂರೋಕೆ ಅಷ್ಟ್ ದೂರ ಯಾಕಮ್ಮ, ಕುರ್ಚಿ ಇಲ್ಲೂ ಐತೆ."

ಒಂದು ಯೋಚನೆ ಇದೆ. ಒಳ್ಳೆಯದೇನಲ್ಲ. ಎಲ್ಲರ ಮುಂದೆ ನಾನು ಇವರ ಕೈಯ ಊಟ ಉಣ್ಣದಿದ್ದರೆ ಮಾತು ನಿಜವಾಗುತ್ತದೆ. ಉಂಡು ಮುಖ ಕೆಂಪಾದರೆ ಇನ್ನೂ ನಿಜವಾಗುತ್ತದೆ. ಮನೆಯಲ್ಲಿ ತಿಂದದ್ದು ಎರಡು ಕಾಲು. ಅಲ್ಲಿ ತಟ್ಟೆ ತುಂಬ ತಿನ್ನಬೇಕು. ಡಾಕ್ಟರಿಗೆ ಫೋನ್ ಮಾಡಿದೆ. ಬದುಕಿರುವ ಏಡಿ, ಆಗಲೇ ಬೇಯಿಸಿದ್ದು, ಬೇರೆ ಏನೂ ಬೇಡ, ಮಾತ್ರೆ ಜೊತೆಗಿರಲಿ ಅಂದಳು. "ಗ್ಯಾರಂಟಿ ಕೊಡಕ್ಕಾಗಲ್ಲ ಮೇಡಂ" ಅಂತಲೂ ಅಂದಳು. ನಮ್ಮ ಕಚೇರಿಗೆ ಬೇಕಾದವಳು.

ಫೆಬ್ರವರಿ ೯, ಭಾನುವಾರ

ಬಸ್ಸಿನಲ್ಲಿ ಕಾಲ ಬಳಿ ಬಕೆಟ್, ಬಕೆಟ್ಟಿನಲ್ಲಿ ಏಡಿ, ಮೇಲೆ ಒದ್ದೆ ಗೋಣಿ. ಶಿವರಾಜು ರಜೆ ಹಾಕಿದ್ದರು. ಪಾವಗಡ ಬರುವವರೆಗೂ ಬೇರೆ ಕಂಡಕ್ಟರ್ ಕೆಲಸದಲ್ಲಿ ತಪ್ಪು ಹುಡುಕುತ್ತಾ ಬಂದರು.

ಈರಕ್ಕನ ಮನೆಯಂಗಳದಲ್ಲಿ ಶಾಮಿಯಾನ. ಅವ್ವನಿಗೆ ಹೇಳಿದ ಹಾಗೆ ಕುರ್ಚಿ ಹಾಕಿದ್ದರು, ಕೆಂಪು ಪ್ಲಾಸ್ಟಿಕ್ಕಿನದು, ಎಲ್ಲರಿಂದ ನಾಲ್ಕು ಮಾರು ದೂರ. ಬಂದವರೆಲ್ಲ ದೂರದಿಂದಲೇ ಕೈ ಮುಗಿದು ಹೋಗುತ್ತಿದ್ದರು. ಅಷ್ಟು ಮರ್ಯಾದೆ ಮಂತ್ರಿಗಳಿಗೂ ಸಿಗುವುದಿಲ್ಲ. ಅವ್ವ ಹೊಸ ಸೀರೆಯ ಸೆರಗಿನೊಳಗೆ ಎರಡೂ ಕೈ ಮುಚ್ಚಿಟ್ಟುಕೊಂಡು ಕೂತಿದ್ದಳು.

ನಾನು ಅಂಗಳದ ಮಧ್ಯೆ ಮೂರು ಕಲ್ಲು ಹೂಡಿ ಬೆಂಕಿ ಹಾಕಿದೆ. ಬಕೆಟ್ಟಿನ ಗೋಣಿ ತೆಗೆದೆ. ಏಡಿಗಳು ಅಂಚು ಹತ್ತುತ್ತಿದ್ದವು. ಈರಕ್ಕ ಓಡಿ ಬಂದು, "ಏನೇ ಇದು ಗಂಗಾ, ಅಳಿಯನ ಕಡೆಯೋರವ್ರೆ" ಅಂದಳು. ಅವರಿರಲಿ ಎಂದೇ ನಾನು ಬಂದದ್ದು.

ಅಳಿಯನ ತಾತ ತಿಮ್ಮರಾಯಪ್ಪನವರು ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಮುಂದೆ ನಿಂತು ಹೇಳಿದೆ. ದಾರಿಯುದ್ದಕ್ಕೂ ಚಂದದ ಮಾತು ಜೋಡಿಸಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ. "ತಾತ, ನಮ್ಮತ್ತೆ ನಂಗೆ ಮದ್ದು ಇಕ್ಕಿದ್ರು ಅಂತ ಮಾತೈತಲ್ಲ, ಅದನ್ನ ಹುಟ್ಸಿದ್ದು ನಾನು. ತಮಾಷೆಗೆ ಅಂದೆ. ಆಮೇಲೆ ಹೆದ್ರಿಕೊಂಡು ತೆಗ್ಸೋಕೂ ಹೋದೆ. ಓದಿದೋಳು ನಾನು. ತಪ್ಪು ನಂದು. ಹಳೇ ಸಾರು ನನ್ನ ಹೊಟ್ಟೆಗೆ ಆಗ್ತಿರ್ಲಿಲ್ಲ, ಅಷ್ಟೇ. ಈಗ ಇವರು ನಿಮ್ಮೆದ್ರಿಗೇ ಮಾಡ್ತಾರೆ. ನಿಮ್ಮೆದ್ರಿಗೇ ಉಣ್ತೀನಿ. ನೋಡ್ಕಂಡಿರಿ."

ಮುಖ ಆಗಲೇ ಕೆಂಪಾಗಿತ್ತು, ನಾಚಿಕೆಗೆ. ಅದು ಇಳಿಯುವವರೆಗೆ ಕಾಯಬೇಕಾಯಿತು.

ಕುರ್ಚಿಯ ಹತ್ತಿರ ಹೋಗಿ, "ಅವ್ವ, ಬಾ" ಅಂದೆ. ಸೆರಗಿನಿಂದ ಕೈ ಹೊರಗೆ ತೆಗೆದು ಎದ್ದಳು.

ಏಡಿ ಮುರಿದಳು, ಮಸಾಲೆ ಹಾಕಿದಳು. ಯಾರೋ ಕೇಳಿದ್ದಕ್ಕೆ ಅವ್ವ ಸೌಟು ತಿರುಗಿಸುತ್ತಲೇ, "ಅವ್ಳಿಗೆ ಇಷ್ಟಮೀನು ಆಗಲ್ಲ ಕಣಪ್ಪ. ಅದು ಏಡಿ ಒಳ್ಗೆ ಇರ್ತೈತಂತೆ, ರಾತ್ರಿ ಹೊತ್ತು ಬೆಳೀತೈತಂತೆ" ಎಂದು ವಿವರಿಸಿದಳು. ಡಾಕ್ಟರಿಗಿಂತ ಚೆನ್ನಾಗಿ ಎಲ್ಲರಿಗೂ ಅರ್ಥವಾಯಿತು.

ತಟ್ಟೆ ತುಂಬ ಹಾಕಿಸಿಕೊಂಡು ಉಂಡೆ. ಸಾರು ನಿಜವಾಗಿಯೂ ನೀರು ನೀರಾಗಿತ್ತು. "ಅವ್ವ, ಇನ್ನೊಂದ್ ಸೌಟು ಹಾಕು" ಅಂದೆ.

ಆಮೇಲೆ ಕಾಯುವುದು. ತಿಮ್ಮರಾಯಪ್ಪನವರು ಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡರು. ಇವತ್ತು ನನ್ನ ಮುಖ ನೋಡಿದಷ್ಟು ಜನ ನನ್ನ ಮದುವೆಯಲ್ಲೂ ನೋಡಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಕಣ್ಣಲ್ಲಿ ನೀರು ಬಂತು. ಹೆಂಗಸರ ಸಾಲಿನಲ್ಲಿ ಗುಸುಗುಸು ಎದ್ದಿತು. "ಖಾರ ಕಣ್ರಮ್ಮ" ಅಂದೆ. ಖಾರವಾಗಿರಲಿಲ್ಲ. ಅವ್ವ ಒಲೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನನ್ನ ಕಿವಿಯನ್ನೇ ನೋಡುತ್ತಿದ್ದಳು, ಮೊದಲು ಕಿವಿ ಬಿಸಿಯಾಗುತ್ತದೆ ಎಂದು ಅವಳಿಗೆ ಹೇಳಿದ್ದೆ. ಮಾತ್ರೆ ನನ್ನ ಮುಷ್ಟಿಯಲ್ಲಿತ್ತು. ನಲವತ್ತು ನಿಮಿಷ. ಒಂದು ಗಂಟೆ. ಕಿವಿ ಮುಟ್ಟಿ ನೋಡಿಕೊಂಡೆ, ತಣ್ಣಗಿತ್ತು.

ತಿಮ್ಮರಾಯಪ್ಪನವರು ಗಡಿಯಾರ ಕಟ್ಟಿಕೊಂಡರು. "ಏಮ್ಮಾ, ಗಂಟೆ ಆಯ್ತು. ಏಮೀ ಕಾಲೇದು ಕದಾ" ಎಂದು ತೆಲುಗು ಬೆರೆಸಿ ಹೇಳಿ, ಎಲ್ಲರ ಕಡೆ ತಿರುಗಿ, ಏನೂ ಆಗಲಿಲ್ಲವಲ್ಲ ಎಂದು ಕನ್ನಡದಲ್ಲೂ ಒಂದು ಸಲ ಹೇಳಿದರು. ಆಮೇಲೆ ಒಂದು ತಟ್ಟೆ ತೆಗೆದುಕೊಂಡು ಅವ್ವನ ಮುಂದೆ ಚಾಚಿದರು. "ಹಾಕಕ್ಕ."

ಅವರು ಉಂಡರು. ಈರಕ್ಕನ ಮಗಳು ಒಳಗಿಂದ ಬಂದಳು. ಯಾರನ್ನೂ ಕೇಳಲಿಲ್ಲ. ಮಗುವನ್ನು ತಂದು ಅವ್ವನ ತೊಡೆಯ ಮೇಲೆ ಮಲಗಿಸಿ ಬೆಲ್ಲದ ನೀರಿನ ಬಟ್ಟಲು ಪಕ್ಕದಲ್ಲಿಟ್ಟಳು. ಅವ್ವ, "ತಡಿಯಮ್ಮ, ಕೈ ಖಾರೈತೆ" ಅಂದಳು. ನಾನು ಚೊಂಬಿನಿಂದ ನೀರು ಹಾಕಿದೆ. ಒಂದೇ ಸಲ ತೊಳೆದುಕೊಂಡಳು.

ಫೆಬ್ರವರಿ ೧೦, ಸೋಮವಾರ

ಮಿಕ್ಕ ಏಡಿ ಹಾಕಿ ಅವ್ವ ನಿನ್ನೆ ಸಂಜೆ ಬಂದ ತಕ್ಷಣ ಗಡಿಗೆಯಲ್ಲಿ ಸಾರು ಮಾಡಿ ಮಲಗಿಸಿದ್ದಳು, ತನ್ನ ಕಾನೂನಿನ ಪ್ರಕಾರ. ಬೆಳಿಗ್ಗೆ ಶಿವರಾಜು ಅದರಲ್ಲಿ ಎರಡು ಮುದ್ದೆ ಉಂಡು, ಸಾರು ಅಂದರೆ ಇದು ಎಂದು ನನಗೆ ಕೇಳುವ ಹಾಗೆ ಹೇಳಿ ಡ್ಯೂಟಿಗೆ ಹೋದರು. ಪಟಾಲಮ್ಮ ತಾನೇ ಬಟ್ಟಲು ಹಿಡಿದು ಬಂದಿದ್ದಳು. ಇವತ್ತು ವಾರವಿಲ್ಲವಂತೆ.

ನಾನು ಬೇಳೆ ಸಾರಿನ ಪಾತ್ರೆ ಎಲ್ಲಿದೆ ಎಂದು ಹುಡುಕಿದೆ, ಇರಲಿಲ್ಲ. ಬಚ್ಚಲ ಮೂಲೆಯಲ್ಲಿ ಬಕೆಟ್ ಕೆರೆಯುವ ಸದ್ದು ಕೇಳಿತು. ಗೋಣಿ ಎತ್ತಿ ನೋಡಿದೆ. ಒಂದೇ ಒಂದು ಏಡಿ, ದಪ್ಪದ್ದು.

ಅವ್ವ ಒಲೆಯ ಮುಂದೆ ಮಸಾಲೆ ಅರೆಯುತ್ತಿದ್ದಳು. ತಿರುಗಿ ನೋಡದೆ, "ನಿಂದು ಇನ್ನೂ ಎದ್ದೈತೆ. ಮಕ ತೊಳ್ಕಂಡ್ ಬಾ, ಮಾಡ್ತೀನಿ" ಅಂದಳು.

ಕಚೇರಿಗೆ ಅರ್ಧ ಗಂಟೆ ತಡವಾಯಿತು. ಗೌರೀಶ್ ಸಾಹೇಬರು ಹಾಜರಿ ಪುಸ್ತಕ ಹಿಡಿದು ಕಾರಣ ಕೇಳಿದರು. ನಮ್ಮವ್ವ ಈಗ ತಾನೆ ಅಡುಗೆ ಮಾಡಿದರು ಸಾರ್ ಅಂದೆ.